ಪಂಪಣ್ಣ ತಿಂದ ಮಾದಲಿ

ಕಾಲುವೆಗೆ ನೀರು ಬಿಟ್ಟ ಮೇಲೆ ಗೋಗಿಯ ಆಚೆಗಿನ ಆ ಊರಿಗೆ ಮೊದಲು ನೆಲ್ಲು ಬಂತು, ಅದರ ಬೆನ್ನಿಗೇ ಸಕ್ಕರೆ ಬೇನೆ ಬಂತು. ಎರಡೂ ಮೇಲಿನ ಹೊಲದವರಿಗೇ ಬಂದವು. ತೂಬಿನ ಬಾಯಿಗೆ ಹೊಲ ಇದ್ದವರು ಜೋಳ ಬಿತ್ತುವುದನ್ನು ಬಿಟ್ಟು ಗದ್ದೆ ಮಾಡಿದರು, ರೊಟ್ಟಿ ಬಿಟ್ಟು ಮೂರು ಹೊತ್ತೂ ಅನ್ನ ಉಣ್ಣಲು ಕಲಿತರು, ಕೆಲವೇ ವರ್ಷಗಳಲ್ಲಿ ಶಹಾಪುರದ ಡಾಕ್ಟರ ಬಾಗಿಲಲ್ಲಿ ಪಾಳಿ ಹಚ್ಚಿ ಕುಳಿತರು. ಕಾಲುವೆಯ ತುದಿಗೆ ಹೊಲ ಇದ್ದ ಅಂಬ್ರಪ್ಪನಂಥವರಿಗೆ ನೀರು ಮುಟ್ಟಲೇ ಇಲ್ಲ. ಅವರು ಜೋಳ, ತೊಗರಿ ಬಿತ್ತಿಕೊಂಡು ರೊಟ್ಟಿ ತಿಂದುಕೊಂಡೇ ಉಳಿದರು.

"ನಮಗ ನೀರೂ ಬರಲಿಲ್ಲ, ಸಕ್ಕರಿನೂ ಬರಲಿಲ್ಲ. ಕಾಲುವಿ ಲೆಕ್ಕ ಬರೋಬ್ಬರಿ ಅದ" ಎಂದು ಅಂಬ್ರಪ್ಪ ಚಹಾದ ಅಂಗಡಿಯಲ್ಲಿ ಹೇಳಿ ಮಂದಿಯನ್ನು ನಗಿಸುತ್ತಿದ್ದ. ನಗಿಸುತ್ತಿದ್ದನೇ ಹೊರತು ಅವನಿಗೆ ನಗು ಬರುತ್ತಿರಲಿಲ್ಲ. ಅವನ ಹೊಲವನ್ನು ಎರಡು ತುಂಡು ಮಾಡಿ ನಡುವೆ ಕಾಲುವೆ ಅಗೆದುಹೋಗಿದ್ದರು. ಆ ಕಾಲುವೆಯಲ್ಲಿ ಜಾಲಿ ಬೆಳೆದು, ಅದರ ನೆರಳಿಗೆ ಆಡು ಮಲಗುತ್ತಿದ್ದವು. ನೀರಿಗಾಗಿ ನೆಲ ಕೊಟ್ಟವನು ಅವನು. ನೀರು ಮಾತ್ರ ಮೇಲೆಯೇ ನಿಂತುಬಿಡುತ್ತಿತ್ತು. ಮೇಲಿನವರು ಕಾಲುವೆಯ ದಂಡೆ ಕೊರೆದು ಪೈಪು ಇಳಿಬಿಟ್ಟು, ತಮ್ಮ ಪಾಳಿ ಇರಲಿ ಬಿಡಲಿ, ಎಳೆದುಕೊಳ್ಳುತ್ತಿದ್ದರು. ಆ ಪೈಪುಗಳನ್ನು ತೆಗೆಸಬೇಕಾದವನು ನೀರು ಬಳಕೆದಾರರ ಸಂಘದ ಅಧ್ಯಕ್ಷ ಪಂಪಣ್ಣ. ಎಲ್ಲಕ್ಕಿಂತ ದೊಡ್ಡ ಪೈಪು ಪಂಪಣ್ಣನದೇ.

ಪಂಪಣ್ಣ ಕೆಟ್ಟವನೆಂದು ಅಂಬ್ರಪ್ಪ ಎಂದೂ ಅಂದವನಲ್ಲ. ಆಳುಗಳಿಗೆ ಬೈಯದ ಮನುಷ್ಯ. ಮೈಮೇಲೆ ಲಿಂಗ ಇದ್ದವನು, ಜಳಕ ಮಾಡಿ ಲಿಂಗಪೂಜೆ ಆಗುವ ತನಕ ಬಾಯಿಗೆ ಹನಿ ನೀರು ಹಾಕದವನು. ಮುಂಜಾನೆ ಅವನ ಮನೆಯಲ್ಲಿ ಒಂದರ ಹಿಂದೆ ಒಂದು ನಡೆಯುತ್ತಿತ್ತು: ಜಳಕ, ಸಕ್ಕರೆ ಬೇನೆಯ ಸೂಜಿ, ಪೂಜೆ, ಆಮೇಲೆ ಊಟ. ಹೆಂಡತಿ ಗೊಲ್ಲಾಳಮ್ಮ ಪೂಜೆಯ ಗಂಟೆ ಕೇಳುತ್ತಲೇ ತಾಟು ಹಚ್ಚಿಡುತ್ತಿದ್ದಳು. ಹೀಗಾಗಿ ಸೂಜಿಗೂ ಊಟಕ್ಕೂ ನಡುವೆ ಎಷ್ಟು ಹೊತ್ತು ಹೋಗಬಹುದು ಎಂದು ಪಂಪಣ್ಣ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಒಮ್ಮೆ ಮಾತ್ರ ಬಂದಿತ್ತು. ತೂಬಿನ ಹತ್ತಿರ ಜಗಳವಾಗಿ ಪಂಪಣ್ಣ ಸೂಜಿ ಚುಚ್ಚಿಕೊಂಡವನು ಊಟ ಬಿಟ್ಟು ಓಡಿ ಬಂದಿದ್ದ. ಮಾತಾಡುತ್ತ ಮಾತಾಡುತ್ತ ಬೆವೆತು, ನಾಲಿಗೆ ತೊದಲಿ, ಮೊಣಕಾಲೂರಿ ಬಿದ್ದ. ಹತ್ತಿರ ಇದ್ದವನು ಅಂಬ್ರಪ್ಪ ಒಬ್ಬನೇ. ಅವನು ಮುಟ್ಟಲಿಲ್ಲ. ನಾಲ್ಕು ಮಾರು ಹಿಂದೆ ಸರಿದು ನಿಂತು ಗದ್ದೆಯಲ್ಲಿದ್ದವರನ್ನು ಕೂಗಿದ. ಅವರು ಬಂದು ಚಹಾದ ಅಂಗಡಿಯಿಂದ ಸಕ್ಕರೆ ತಂದು ಬಾಯಿಗೆ ಹಾಕಿದ ಮೇಲೆ ಪಂಪಣ್ಣ ಕಣ್ಣು ಬಿಟ್ಟ. ಸಕ್ಕರೆ ಬೇನೆಯವನಿಗೆ ಸಕ್ಕರೆಯೇ ಮದ್ದಾದದ್ದನ್ನು ಅಂಬ್ರಪ್ಪ ದೂರದಿಂದ ನೋಡಿದ್ದ.

ಅಂಥ ಇಬ್ಬರೂ ಒಂದೇ ವಿಮಾನ ಹತ್ತುವಂತಾಯಿತು. ಸರಕಾರದವರು ನೀರಿನ ಸಂಘಗಳ ಕೆಲವರನ್ನು ಆರಿಸಿ ಸ್ಪೇನ್ ದೇಶಕ್ಕೆ ಕಳಿಸುತ್ತಿದ್ದರು, ಅಲ್ಲಿಯ ರೈತರು ಕಾಲುವೆಯ ನೀರು ಹಂಚಿಕೊಳ್ಳುವ ರೀತಿ ನೋಡಿ ಬರಲಿ ಎಂದು. ಪರಿಶಿಷ್ಟರಲ್ಲಿ ಒಬ್ಬರು ಇರಲೇಬೇಕೆಂಬ ನಿಯಮ. ಸಂಘದಲ್ಲಿ ಆ ಜಾಗಕ್ಕೆ ಅಂಬ್ರಪ್ಪನ ಹೆಸರಿತ್ತು. ಸಹಿ ಬೇಕಾದಾಗ ಮಾತ್ರ ಕರೆಯುತ್ತಿದ್ದರು, ಈ ಸಲ ಪಾಸ್‌ಪೋರ್ಟಿಗೆ ಕರೆದರು.

ಹೋಗುವುದೋ ಬಿಡುವುದೋ ಎಂದು ಅಂಬ್ರಪ್ಪ ಅನುಮಾನಿಸುತ್ತಿದ್ದಾಗ ಹೆಂಡತಿ ದೇವಕಮ್ಮ ಒಂದೇ ಮಾತು ಹೇಳಿದಳು. "ಊರಾಗ ಅವನ ಮುಂದ ನಿಂತು ಮಾತಾಡ್ಬೇಕು. ಅಲ್ಲಿ ಬಾಜೂಕ ಕುಂತು ಮಾತಾಡ್ಬಹುದು. ಹೋಗಿ ನೀರಿನ ಮಾತು ತಗಿ."

ಹಿಂಗಾರಿಗೆ ತುದಿಗೆ ಒಂದು ಪಾಳಿ ನೀರು ಬಂದರೆ ಶೇಂಗಾ ಹಾಕಬಹುದಿತ್ತು. ಅದಕ್ಕೇ ಅಂಬ್ರಪ್ಪ ಹೊರಟ. ದೇವಕಮ್ಮ ಕಡಕ್ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು. ದೂರದ ದಾರಿಗೆ ಕೆಡದೆ ಇರಲಿ ಎಂದು ಮಾದಲಿ ಮಾಡಿದಳು. ದಪ್ಪ ಚಪಾತಿ ಸುಟ್ಟು, ಒಣಗಿಸಿ, ಕುಟ್ಟಿ ರವೆಯಂತೆ ಮಾಡಿ, ಅದಕ್ಕೆ ಬೆಲ್ಲ, ಪುಟಾಣಿ, ಬಡೆಸೋಪು ಕಲಸಿ, ತನ್ನ ಹಳೆಯ ನೀಲಿ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟಳು.

ಹೊರಡುವ ಮೊದಲು ಯಾದಗಿರಿಯಲ್ಲಿ ನೀರಾವರಿ ಇಲಾಖೆಯ ಸಾಹೇಬರೊಬ್ಬರು ಎಲ್ಲರನ್ನೂ ಕೂರಿಸಿ ತಿಳಿಹೇಳಿದರು. ಯಾರಿಗಾದರೂ ಸಕ್ಕರೆ ಇದ್ದರೆ ಈಗಲೇ ಹೇಳಿ, ವಿಮಾನದಲ್ಲಿ ಅಂಥವರಿಗೆ ಬೇರೆ ಊಟ ಕೊಡುತ್ತಾರೆ, ಮೊದಲೇ ತಿಳಿಸಬೇಕು, ಅಲ್ಲಿಯ ಹೊತ್ತು ಬೇರೆ, ಇಲ್ಲಿಯ ಹೊತ್ತು ಬೇರೆ, ಔಷಧ ಯಾವಾಗ ತಗೊಳ್ಳಬೇಕೆಂದು ಡಾಕ್ಟರಿಗೆ ಕೇಳಿಕೊಂಡು ಬನ್ನಿ ಎಂದರು. ಅಂಬ್ರಪ್ಪ ಪಂಪಣ್ಣನ ಮುಖ ನೋಡಿದ. ಪಂಪಣ್ಣ ಗೋಡೆ ನೋಡುತ್ತಿದ್ದ. ಬೇನೆ ಇದೆ ಎಂದರೆ ಹೆಸರು ಹೊಡೆದುಹಾಕುತ್ತಾರೆ ಎಂಬ ಭಯ ಅವನಿಗೆ. ಸಾಹೇಬರು ಹೆಸರು ಹಿಡಿದು ಕೇಳಿದಾಗಲೂ, ತಾನು ಎತ್ತಿನಂತೆ ಗಟ್ಟಿ ಇದ್ದೇನೆ ಎಂದ. ಪೆನ್ನಿನಂಥ ಅವನ ಸೂಜಿ ಅಂಗಿಯ ಜೇಬಿನಲ್ಲಿ ಖರೇ ಪೆನ್ನಿನ ಪಕ್ಕದಲ್ಲೇ ಕುಳಿತಿತ್ತು.

ಶಹಾಪುರದ ಬಸ್ ನಿಲ್ದಾಣಕ್ಕೆ ಗೊಲ್ಲಾಳಮ್ಮ ಕಳಿಸಲು ಬಂದಿದ್ದಳು. ಬುತ್ತಿಯ ಡಬ್ಬಿ ಕೈಯಲ್ಲೇ ಇಟ್ಟುಕೊಳ್ಳಿ ಎಂದು ಬೇಡಿಕೊಂಡಳು. ಕಿಟಕಿಯ ಕೆಳಗೆ ನಿಂತು, ಬಸ್ಸಿನವರೆಲ್ಲ ಕೇಳುವಂತೆ, "ಸೂಜಿ ಚುಚ್ಚಿಕೊಂಡ ಮ್ಯಾಲ ಉಣ್ಣದ ಇರಬ್ಯಾಡ್ರಿ" ಎಂದಳು. ಪಂಪಣ್ಣನಿಗೆ ನಾಚಿಕೆಯಾಯಿತು. ಮುಂಬೈಯಲ್ಲಿ ಡಬ್ಬಿಯನ್ನು ದೊಡ್ಡ ಬ್ಯಾಗಿನೊಳಗೆ ತುರುಕಿದ. ಆ ಬ್ಯಾಗು ರಬ್ಬರಿನ ಪಟ್ಟಿಯ ಮೇಲೆ ಮಲಗಿ ವಿಮಾನದ ಹೊಟ್ಟೆಗೆ ಹೋಯಿತು.

ವಿಮಾನದಲ್ಲಿ ಅಂಬ್ರಪ್ಪನ ಜಾಗ ಪಂಪಣ್ಣನ ಪಕ್ಕಕ್ಕೇ ಬಿದ್ದಿತ್ತು. ತನ್ನ ಹಿಂದಿನ ಸಾಲಿನಲ್ಲಿದ್ದ, ಇನ್ನೊಂದು ಸಂಘದಿಂದ ಬಂದಿದ್ದ ಶಹಾಪುರದ ಗೊಬ್ಬರದ ಅಂಗಡಿಯ ಖಂಡಪ್ಪನಿಗೆ ಪಂಪಣ್ಣ, ನೀ ಇಲ್ಲಿ ಬಾ, ಇವನನ್ನು ಅಲ್ಲಿ ಕೂರಿಸು ಎಂದು ಸನ್ನೆ ಮಾಡಿದ. ಖಂಡಪ್ಪನಿಗೆ ಕಿಟಕಿಯ ಜಾಗ ಸಿಕ್ಕಿತ್ತು, ಅವನು ಏಳಲಿಲ್ಲ. ಪಂಪಣ್ಣ ಇಬ್ಬರ ನಡುವಿನ ಕೈಹಿಡಿಯ ಮೇಲೆ ಟವೆಲ್ಲು ಹಾಸಿ ಕುಳಿತ. ಅಂಬ್ರಪ್ಪ ತನ್ನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಇಷ್ಟು ಹತ್ತಿರ ಕುಳಿತರೂ ನೀರಿನ ಮಾತಿಗೆ ನಾಲಿಗೆ ಏಳಲಿಲ್ಲ.

ಏರಿದ ಸ್ವಲ್ಪ ಹೊತ್ತಿಗೆ ತಾಟು ಬಂದವು. ಬಿಳಿ ಅನ್ನ, ಸಿಹಿಸಿಹಿ ಪನೀರಿನ ಪಲ್ಯ, ಮೆತ್ತನೆಯ ಬನ್ನು, ಒಂದು ಕಪ್ಪಿನಲ್ಲಿ ಖೀರು. ಸಕ್ಕರೆಯವನು ತಿನ್ನುವಂಥದು ಅದರಲ್ಲಿ ಸೌತೆಕಾಯಿಯ ಎರಡು ಬಿಲ್ಲೆ ಮಾತ್ರ. ಪಂಪಣ್ಣ ರೊಟ್ಟಿ ಇದೆಯೇ ಎಂದು ಕನ್ನಡದಲ್ಲೇ ಕೇಳಿದ, ತಾಟು ತಂದ ಹುಡುಗಿ ನಕ್ಕು ಇನ್ನೊಂದು ಬನ್ನು ಇಟ್ಟಳು. ಮುಂದಿನ ಸಾಲಿನವನು ಕೋಳಿ ಹರಿಯುತ್ತಿದ್ದ. ಅದರ ವಾಸನೆಗೆ ಪಂಪಣ್ಣ ಪಲ್ಯದಲ್ಲಿ ಎರಡು ತುತ್ತು ತಿಂದು ತಾಟು ಸರಿಸಿಬಿಟ್ಟ. ಅಂಬ್ರಪ್ಪ ತನ್ನ ಗಂಟು ಬಿಚ್ಚಿದ. ರೊಟ್ಟಿ ಮುರಿದ ಸಪ್ಪಳಕ್ಕೆ ಪಂಪಣ್ಣ ಒಮ್ಮೆ ಈ ಕಡೆ ನೋಡಿದ. ನೋಡಿ ಕಣ್ಣು ಮುಚ್ಚಿದ. ತಗೊಳ್ಳಿ ಎನ್ನುವ ಮಾತು ಅಂಬ್ರಪ್ಪನ ಗಂಟಲವರೆಗೆ ಬಂದಿತ್ತು. ಅನ್ನಬಾರದ ಮಾತು ಅದು, ನುಂಗಿದ.

ಪಂಪಣ್ಣನ ಗಡಿಯಾರ ಊರಿನ ಹೊತ್ತನ್ನೇ ತೋರಿಸುತ್ತಿತ್ತು. ಅಲ್ಲಿ ಬೆಳಗಾಗಿತ್ತು. ಕಿಟಕಿಯ ಹೊರಗೆ ಇನ್ನೂ ಕತ್ತಲು. ಸೂರ್ಯನಿಗಿಂತ ಮುಂದೆ ಮುಂದೆ ಓಡುವ ವಿಮಾನಕ್ಕೆ ಬೆಳಗೇ ಸಿಗುತ್ತಿರಲಿಲ್ಲ. ಎಲ್ಲರೂ ಹೊದ್ದು ಮಲಗಿದ್ದರು, ಊಟ ಕೊಡುವವರೂ ಪರದೆ ಎಳೆದುಕೊಂಡಿದ್ದರು. ಪಂಪಣ್ಣ ಎದ್ದು ಪಾಯಖಾನೆಗೆ ಹೋಗಿ, ದಿನದಂತೆ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಬಂದ. ಹೊತ್ತಿಗೆ ಸರಿಯಾಗಿ ಸೂಜಿ ಆಯಿತು ಎಂಬ ಸಮಾಧಾನ ಅವನ ಮುಖದಲ್ಲಿತ್ತು. ಆದರೆ ಅಲ್ಲಿ ಜಳಕಕ್ಕೆ ನೀರಿಲ್ಲ. ಜಳಕ ಇಲ್ಲದೆ ಪೂಜೆ ಇಲ್ಲ, ಪೂಜೆ ಇಲ್ಲದೆ ಊಟ ಇಲ್ಲ. ಬಹಳ ಹೊತ್ತಿನ ಮೇಲೆ ದೀಪ ಹಚ್ಚಿ ಮತ್ತೆ ತಾಟು ತಂದಾಗ ಪಂಪಣ್ಣ ಕೈ ಅಡ್ಡ ಹಿಡಿದು ಬೇಡವೆಂದ. ಇಳಿದ ಮೇಲೆ ಜಳಕ ಮಾಡಿಯೇ ಉಣ್ಣುವೆ, ಒಂದು ಹೊತ್ತು ಉಪವಾಸ ಇದ್ದರೆ ಸಕ್ಕರೆಗೂ ಒಳ್ಳೆಯದು ಎಂದು ಹಿಂದಿನ ಖಂಡಪ್ಪನಿಗೆ ಹೇಳಿದ.

ಗೊಲ್ಲಾಳಮ್ಮ ಬಸ್ಸಿನ ಕೆಳಗೆ ನಿಂತು ಹೇಳಿದ ಮಾತು ಅಂಬ್ರಪ್ಪನ ಕಿವಿಯಲ್ಲಿತ್ತು. ಹೇಳಬೇಕು ಎಂದುಕೊಂಡ. ನೀನು ಯಾರು ಹೇಳಲು ಎಂದರೆ? ಅದಕ್ಕೆ ಹೆದರಿ ಸುಮ್ಮನಿದ್ದ.

ಸ್ವಲ್ಪ ಹೊತ್ತಿಗೆ ಕೈಹಿಡಿಯ ಮೇಲಿನ ಟವೆಲ್ಲು ಜಾರಿ ಬಿತ್ತು. ಪಂಪಣ್ಣನ ಕೈ ನಡುಗುತ್ತಿತ್ತು. ತಣ್ಣನೆಯ ಗಾಳಿಯಲ್ಲೂ ಅಂಗಿ ತೊಯ್ದಿತ್ತು. ಏನೋ ಅಂದ, ಅರ್ಥವಾಗಲಿಲ್ಲ. ತೂಬಿನ ಹತ್ತಿರ ಕಂಡದ್ದೇ ಮುಖ. ಅಂಬ್ರಪ್ಪ ಸುತ್ತ ನೋಡಿದ. ಕೂಗೋಣವೆಂದರೆ ಇಲ್ಲಿ ಗದ್ದೆಯಿಂದ ಓಡಿ ಬರುವವರಿಲ್ಲ, ಹಿಂದೆ ಖಂಡಪ್ಪ ಮತ್ತೆ ನಿದ್ದೆ ಹೋಗಿದ್ದ. ತಾಟಿನ ಹುಡುಗಿಯರು ದೂರದ ಪರದೆಯ ಹಿಂದೆ, ಅವರನ್ನು ಕರೆಯುವ ಗುಂಡಿ ಯಾವುದೆಂದು ಅವನಿಗೆ ಗೊತ್ತಿಲ್ಲ. ಹಿಂದೆ ಸರಿದು ನಿಲ್ಲಲು ನಾಲ್ಕು ಮಾರು ಜಾಗವೂ ಇಲ್ಲ. ಗಂಟು ಬಿಚ್ಚಿ ಮಾದಲಿಯ ಒಂದು ಹಿಡಿ ತೆಗೆದ.

ಪಂಪಣ್ಣನಿಗೆ ಅಷ್ಟರಲ್ಲೂ ಅರಿವಿತ್ತು. ತಲೆ ಅಲ್ಲಾಡಿಸಿದ. "ಪೂಜಿ ಆಗಿಲ್ಲ."

"ಪೂಜಿ ಮಾಡಾಕ ಮೊದಲು ನೀವು ಉಳೀಬೇಕಲ್ಲರಿ ಸಾವ್ಕಾರ್ರ. ಬಾಯಿ ತಗೀರಿ."

ಎಡಗೈಯಿಂದ ಅವನ ಗದ್ದ ಹಿಡಿದು ಬಲಗೈಯಿಂದ ಮಾದಲಿ ಹಾಕಿದ. ಮೊದಲನೆಯದು ಅರ್ಧ ಎದೆಯ ಮೇಲೆ ಚೆಲ್ಲಿತು. ನೀರು ಹನಿಸಿ ಮತ್ತೆ ಹಾಕಿದ. ಪಂಪಣ್ಣ ಜಗಿದ, ನುಂಗಿದ, ಆಮೇಲೆ ತಾನೇ ಬಾಯಿ ತೆರೆದ. ಹಿಂದಿನಿಂದ ಖಂಡಪ್ಪ ಎದ್ದು ಇಣುಕಿದ. "ಸಕ್ಕರಿ ಬ್ಯಾನ್ಯಾವ್ಗ ಬೆಲ್ಲ ತಿನಸ್ತಿಯೇನಲೇ, ಕೊಲ್ಲಬೇಕಂತ ಮಾಡಿಯೇನು?" ಎಂದ. ಅಷ್ಟು ಹೊತ್ತಿಗೆ ಅವನೇ ಗುಂಡಿ ಒತ್ತಿದ್ದ. ಹುಡುಗಿ ಓಡಿ ಬಂದು ಹಣ್ಣಿನ ರಸ ತಂದಳು. ರಸ ಬರುವ ಮೊದಲೇ ಪಂಪಣ್ಣನ ಬೆವರು ನಿಂತಿತ್ತು. ಆ ಹುಡುಗಿ ಅಂಬ್ರಪ್ಪನ ಭುಜ ತಟ್ಟಿ ಏನೋ ಒಳ್ಳೆಯ ಮಾತು ಹೇಳಿದಳು. ಪಂಪಣ್ಣ ಅವನ ಮೊಣಕೈ ಹಿಡಿದುಕೊಂಡೇ ಇದ್ದ, ವಿಮಾನ ಇಳಿಯುವ ತನಕ ಬಿಡಲಿಲ್ಲ. ನೀಲಿ ಬಟ್ಟೆಯಲ್ಲಿ ಉಳಿದ ಮಾದಲಿಯನ್ನು ತನ್ನ ಕೈಚೀಲದಲ್ಲಿ ಇಟ್ಟುಕೊಂಡ, ಮತ್ತೆ ಹಾಗಾದರೆ ಇರಲಿ ಎಂದು.

ವೆಲೆನ್ಸಿಯ ಎಂಬ ಊರಿನಲ್ಲಿ ಅವರನ್ನು ಒಂದು ದೊಡ್ಡ ಇಗರ್ಜಿಯ ಬಾಗಿಲಿಗೆ ಕರೆದುಕೊಂಡು ಹೋದರು. ಕರಿ ನಿಲುವಂಗಿ ತೊಟ್ಟ ರೈತರು ಬಯಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಪ್ರತಿ ಗುರುವಾರ ಹೀಗೆ ಕುಳಿತು ನೀರಿನ ತಂಟೆ ಬಗೆಹರಿಸುತ್ತಾರೆ, ಕಾಗದವಿಲ್ಲ, ವಕೀಲರಿಲ್ಲ, ಬಾಯಿಮಾತೇ ತೀರ್ಪು, ನೂರಾರು ವರ್ಷದಿಂದ ಹೀಗೆಯೇ ಎಂದು ಜೊತೆಗೆ ಬಂದಿದ್ದ ಸಾಹೇಬರು ತಿಳಿಸಿದರು. ಅಂಬ್ರಪ್ಪ ಬಾಯಿ ತೆರೆದು ನೋಡಿದ. ಈಗ ಅವನಿಗೆ ನಾಲಿಗೆ ಬಂತು.

"ತುದ್ಯಾಗಿನವ ಬಂದು ನನಗ ನೀರು ಮುಟ್ಟಿಲ್ಲಂದ್ರ ಇವರು ಕೇಳ್ತಾರಂತರಿ, ಸಾವ್ಕಾರ್ರ."

ಪಂಪಣ್ಣ ಆ ಕುರ್ಚಿಗಳಿಂದ ಅಂಬ್ರಪ್ಪನ ಕಡೆ ತಿರುಗಿದ. "ನಿನ್ನ ಋಣ ನನ್ನ ಮ್ಯಾಲ ಅದ, ಅಂಬ್ರಪ್ಪ. ಈ ಹಿಂಗಾರಿಗೆ ನನ್ನ ಪೈಪು ಮೊದಲು ತಗಸ್ತೀನಿ. ಉಳಿದವ್ರು ತಾವ ತಗೀತಾರ. ನಿಮ್ಮ ತುದಿಗೆ ನೀರು ಬರ್ತಾವ, ಹೋಗು."

ಸುಳ್ಳು ಹೇಳಿದನೆಂದು ಅಂಬ್ರಪ್ಪನಿಗೆ ಅಂದೂ ಅನ್ನಿಸಲಿಲ್ಲ, ಮುಂದೆಯೂ ಅನ್ನಿಸಲಿಲ್ಲ. ಆ ಬಿಸಿಲಿನಲ್ಲಿ, ಆ ಕುರ್ಚಿಗಳ ಮುಂದೆ, ಆ ಮಾತು ಖರೇ ಇತ್ತು.

ಊರಿಗೆ ಬಂದ ಅಂಬ್ರಪ್ಪ ಹೆಂಡತಿಗೆ ಹೇಳಿದ. ಇಬ್ಬರೂ ಕೊಡಲಿ, ಸಲಿಕೆ ಹಿಡಿದು ಕಾಲುವೆಗೆ ಇಳಿದರು. ಜಾಲಿ ಕಡಿದರು, ಹೂಳು ತೆಗೆದರು. ದೇವಕಮ್ಮನ ಅಂಗೈಗೆ ಮುಳ್ಳು ಮುರಿದು ಕೀವಾಯಿತು, ಆದರೂ ಬಿಡಲಿಲ್ಲ. ಕಾಲುವೆಯ ತಳ ಅಂಗಳದ ಹಾಗೆ ಸ್ವಚ್ಛವಾಯಿತು. ಬಿತ್ತುವ ಶೇಂಗಾ ತಂದು ಮನೆಯಲ್ಲಿ ಇಟ್ಟರು.

ಖಂಡಪ್ಪನಿಗೆ ಹಗೆ ಏನೂ ಇರಲಿಲ್ಲ. ಅಂಗಡಿಗೆ ಗೊಬ್ಬರಕ್ಕೆ ಬಂದವರನ್ನು ನಗಿಸುವುದು ಅವನ ರೂಢಿ. ಅಧ್ಯಕ್ಷರು ಆಕಾಶದಲ್ಲಿ ಅಂಬ್ರಪ್ಪನ ಕೈತುತ್ತು ತಿಂದರು, ಅದೂ ಪೂಜೆಗೆ ಮೊದಲು, ಕೂಸಿನಂತೆ ಬಾಯಿ ತೆರೆದು ತಿಂದರು ಎಂದು ಅಭಿನಯ ಮಾಡಿ ತೋರಿಸಿದ. ಮಾತು ಗೋಗಿಗೆ ಬಂತು, ಅಲ್ಲಿಂದ ಆಟೋ ಹತ್ತಿ ಊರಿಗೆ ಬಂತು. ಮಠದ ಅಯ್ಯನವರಾದ ಚನ್ನಯ್ಯನವರ ಕಿವಿಗೂ ಬಿತ್ತು. ಪಂಪಣ್ಣನ ಮಗಳಿಗೆ ಸುರಪುರದ ಕಡೆಯಿಂದ ಸಂಬಂಧ ಬಂದಿತ್ತು, ಆ ಬೀಗರು ಬರುವುದನ್ನು ಮುಂದಕ್ಕೆ ಹಾಕಿದರು.

ಪಂಪಣ್ಣ ಒಬ್ಬನೇ ಹೊಲದ ಬದುವಿಗೆ ಬಂದ. ಸ್ವಚ್ಛವಾದ ಕಾಲುವೆಯನ್ನು ನೋಡಿದ. ಆಮೇಲೆ ಬಂದ ಕಾರಣ ಹೇಳಿದ. ನಾಳೆ ಸಂಘದ ಕಟ್ಟೆಯಲ್ಲಿ ಅಯ್ಯನವರು ಕೇಳುತ್ತಾರೆ. ನಾ ಏನೂ ತಿನಿಸಿಲ್ಲ, ವಿಮಾನದವರು ಕೊಟ್ಟ ರಸ ಕುಡಿದರು ಎಂದು ಹೇಳು, ಇಷ್ಟೇ. ಅವನ ದನಿಯಲ್ಲಿ ಗತ್ತು ಇರಲಿಲ್ಲ, ಬೇಡುವ ದನಿ ಇತ್ತು. ಅಂಬ್ರಪ್ಪ ನೀರಿನ ಮಾತು ಎತ್ತಿದ. ಅದು ಅದರ ಕಡೆಗೆ ಇರಲಿ, ಮೊದಲು ಇದೊಂದು ಮುಗಿಯಲಿ ಎಂದ ಪಂಪಣ್ಣ. ಆಗಲೆಂದ ಅಂಬ್ರಪ್ಪ. ಒಂದು ಸುಳ್ಳಿಗೆ ಒಂದು ಪಾಳಿ ನೀರು ಬಂದರೆ ತುಟ್ಟಿಯೇನಲ್ಲ ಎಂದುಕೊಂಡ.

ಮರುದಿನ ಕಟ್ಟೆಯ ಮೇಲೆ ಚನ್ನಯ್ಯನವರು, ಪಂಪಣ್ಣ, ಮೇಲಿನ ಹೊಲದವರೆಲ್ಲ ಕುಳಿತಿದ್ದರು. ಅಂಬ್ರಪ್ಪ ಕೆಳಗೆ ನಿಂತಿದ್ದ. ಸ್ವಲ್ಪ ದೂರದಲ್ಲಿ, ಕಳೆಗೆ ಹೊರಟಿದ್ದ ಹೆಂಗಸರ ನಡುವೆ ದೇವಕಮ್ಮನೂ ನಿಂತಳು.

ಅಯ್ಯನವರು ಬಿರುಸಾಗಿ ಕೇಳಲಿಲ್ಲ. "ಇದ್ದದ್ದು ಹೇಳಪ್ಪ ಅಂಬ್ರಪ್ಪ. ನಿನ್ನ ಕೈಲೆ ಇವರು ಏನರೆ ತಿಂದಾರೇನು?"

"ಇಲ್ರಿ ಅಯ್ಯನೋರ. ನಮ್ಮ ಬುತ್ತಿ ನಾ ಬಿಚ್ಚೇ ಇಲ್ಲ. ವಿಮಾನದವ್ರು ರಸ ಕೊಟ್ರು, ಅದು ಕುಡದ್ರು. ಖಂಡಪ್ಪ ನಿದ್ದಿಗಣ್ಣಾಗ ಏನೋ ನೋಡ್ಯಾನ."

ಕಟ್ಟೆಯ ಮೇಲೆ ಒಬ್ಬಿಬ್ಬರು ನಕ್ಕರು. ಅಯ್ಯನವರು ತಲೆ ಆಡಿಸಿದರು. ಪಂಪಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ದೇವಕಮ್ಮ ಅಲ್ಲಿ ನಿಲ್ಲಲಿಲ್ಲ. ಸಂಜೆ ಮನೆಗೆ ಬಂದ ಗಂಡನಿಗೆ ರೊಟ್ಟಿ ಕೊಟ್ಟು, ಅವನು ಅರ್ಧ ಉಂಡಾಗ, "ಮಾದ್ಲಿ ಕುಟ್ಟಿ ಕುಟ್ಟಿ ನನ್ನ ರಟ್ಟಿ ಬಿದ್ದಿದ್ವು" ಎಂದಳು.

ಕಾಲುವೆಗೆ ನೀರು ಬಿಟ್ಟರು. ಮೇಲಿನ ಗದ್ದೆಗಳು ತುಂಬಿದವು. ಅಂಬ್ರಪ್ಪ ದಿನಾ ಮುಂಜಾನೆ ತನ್ನ ಹೊಲದ ಕಾಲುವೆಗೆ ಇಳಿದು ತಳ ಮುಟ್ಟಿ ನೋಡುತ್ತಿದ್ದ. ಒಣಗಿಯೇ ಇತ್ತು. ಮೇಲಕ್ಕೆ ನಡೆದು ನೋಡಿದ. ಪಂಪಣ್ಣನ ಪೈಪು ಇದ್ದಲ್ಲೇ ಇತ್ತು, ನೀರು ಹೀರುವ ಸದ್ದು ದಾರಿಯ ತನಕ ಕೇಳುತ್ತಿತ್ತು. ತುದಿಯ ಪಾಳಿಯ ದಿನವೂ ಬಂತು. ಹೋಯಿತು. ಅಂಬ್ರಪ್ಪ ಪಂಪಣ್ಣನ ಮನೆಗೆ ಹೋದ.

ಪಂಪಣ್ಣ ಪೂಜೆ, ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದ. ಹಣೆಯ ವಿಭೂತಿ ಇನ್ನೂ ಹಸಿ ಇತ್ತು. ಅಂಬ್ರಪ್ಪನನ್ನು ಕಂಡು ಮುಖ ಸಣ್ಣ ಮಾಡಿದ. ಅಂಗಳದಲ್ಲಿ ನಿಂತ ಅಂಬ್ರಪ್ಪ ಕುರ್ಚಿಗಳ ಮುಂದೆ ಕೊಟ್ಟ ಮಾತನ್ನು ನೆನಪಿಸಿದ.

"ನಾ ಮರತಿಲ್ಲ" ಎಂದ ಪಂಪಣ್ಣ. "ಆದ್ರ ನೀನ ವಿಚಾರ ಮಾಡು. ಹಿಂದ ಎಂದೂ ಬಿಡದಾವ ಈಗ ನಾ ನೀರು ಬಿಟ್ಟರ ಮಂದಿ ಏನಂತಾರ? ತಿಂದದ್ದು ಖರೇ, ಅದರ ಋಣ ತೀರಿಸಾಕತ್ಯಾನ ಅಂತಾರ. ಬೀಗರು ಈಗರೆ ಹೂಂ ಅಂದಾರ. ಅಯ್ಯನೋರ ಮುಂದ ನಿಂತು ಹೇಳಿದಾವ ನೀನು. ನೀರು ಬಿಟ್ಟರ ನೀನೂ ಸುಳ್ಳ ಆಗ್ತಿ, ನಾನೂ ಸುಳ್ಳ ಆಗ್ತೀನಿ."

"ಹಂಗಾದ್ರ ನಾ ಖರೇ ಹೇಳಿದ್ರ ಬಿಡ್ತಿದ್ರೇನ್ರಿ?"

ಪಂಪಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡ. ಬೀದಿಯ ಕಡೆ ನೋಡಿ, ಲಗ್ನ ಆಗಿಹೋಗಲಿ, ಒಂದೆರಡು ವರ್ಷ ಹೋಗಲಿ, ಮಂದಿ ಮರೆಯಲಿ, ಆಮೇಲೆ ನೋಡೋಣ ಎಂದ. ಹಾಗೆ ಹೇಳುವಾಗ ಅವನ ಮುಖ ಖುಷಿಯಲ್ಲೇನೂ ಇರಲಿಲ್ಲ. ಆದರೆ ಅಂಬ್ರಪ್ಪನಿಗೆ ಅವನ ಮುಖ ನೋಡಿ ಆಗಬೇಕಾದದ್ದು ಏನೂ ಇರಲಿಲ್ಲ. ಮಾದಲಿ ತಿನಿಸದೇ ಇದ್ದಿದ್ದರೆ ಎಂದೋ ಒಂದು ದಿನ ಜಗಳಾಡಿಯಾದರೂ ನೀರು ತರಬಹುದಿತ್ತೇನೋ. ಈಗ ಜಗಳಕ್ಕೂ ದಾರಿ ಇಲ್ಲ.

ಹಿತ್ತಲ ಗೋಡೆಯ ಪಕ್ಕದಿಂದ ಬರುವಾಗ ಗೊಲ್ಲಾಳಮ್ಮ ಮೆಲ್ಲಗೆ ಕರೆದಳು. ಅವಳ ಕೈಯಲ್ಲಿ ಆ ನೀಲಿ ಬಟ್ಟೆ ಇತ್ತು. ಗಂಡನ ಕೈಚೀಲದಲ್ಲಿ ಸಿಕ್ಕದ್ದನ್ನು ಒಗೆದು, ಮಡಚಿ ಇಟ್ಟಿದ್ದಳು.

"ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲಪ್ಪ. ನನ್ನ ಕುಂಕುಮ ಉಳಿಸೀದಿ. ದೇವಕಮ್ಮಗ ಕೊಡು." ಅವಳ ಕಣ್ಣು ತುಂಬಿದ್ದವು. ಅಂಬ್ರಪ್ಪ ಎರಡೂ ಕೈ ಚಾಚಿದ. ಅವಳು ಗೋಡೆಯ ಮೇಲಿನಿಂದ, ಬೆರಳು ತಾಗದಂತೆ, ಬಟ್ಟೆಯನ್ನು ಅವನ ಅಂಗೈಗೆ ಬಿಟ್ಟಳು.

ದೇವಕಮ್ಮ ಬಟ್ಟೆ ಬಿಡಿಸಿ ಮೂಸಿ ನೋಡಿದಳು. ಸಾಬೂನಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಬಿತ್ತದೆ ಉಳಿದ ಶೇಂಗಾದ ಗಡಿಗೆಯ ಬಾಯಿಗೆ ಅದನ್ನು ಕಟ್ಟಿದಳು. ಗಂಡ ಹೇಳಿದ್ದನ್ನೆಲ್ಲ ಕೇಳಿಕೊಂಡು, ಒಲೆಯ ಕೊಳ್ಳಿ ಮುಂದೆ ತಳ್ಳುತ್ತ, "ಆ ಮನಿಶ್ಯಾ ಇನ್ನೊಮ್ಮಿ ನಿನ್ನ ಮುಂದ ಬಿದ್ರ ಏನ್ ಮಾಡ್ತಿ?" ಎಂದು ಕೇಳಿದಳು.

ಅಂಬ್ರಪ್ಪ ಗಡಿಗೆಯ ಬಾಯಿಯ ಗಂಟನ್ನು ಇನ್ನಷ್ಟು ಬಿಗಿ ಮಾಡಿದ.

"ಕೂಗ್ತೀನಿ" ಎಂದ. "ಮೊದಲೊಮ್ಮಿ ದೂರ ನಿಂತು ಕೂಗಿದ್ನಲ್ಲ, ಹಂಗ."